ಮುನಿಸ್ವಾಮಿಯ ಕೋಟಿಗೊಂದು ಗುಂಡು

ಒಂದು ಗುಂಡನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಯಾವ ದೇಶದ್ದು, ಯಾವ ವಾರ ತಯಾರಾದದ್ದು, ತಯಾರಿಸಿದವನು ಅವತ್ತು ಬೆಳಿಗ್ಗೆ ಹೆಂಡತಿಯ ಹತ್ತಿರ ಜಗಳ ಆಡಿ ಬಂದಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ. ಸುಳ್ಳಲ್ಲ. ಅರ್ಧ ದುಬೈ ಇದಕ್ಕೆ ಸಾಕ್ಷಿ. ಇನ್ನರ್ಧ ಅವತ್ತು ಶಾರ್ಜಾಕ್ಕೆ ಹೋಗಿತ್ತು.

ತೊಂಬತ್ತೆಂಟರ ಚಳಿಗಾಲದ ಮಾತು. ದೇರಾದ ಒಂದು ಬೇಟೆ ಸಾಮಾನಿನ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಮುಂದಿನ ಕೋಣೆಯಲ್ಲಿ ಡೇರೆ, ಥರ್ಮಾಸು, ಗಿಡುಗದ ತಲೆಗೆ ಹಾಕುವ ಚರ್ಮದ ಟೊಪ್ಪಿ. ಹಿಂದೆ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಬಂದೂಕು ಮತ್ತು ಗುಂಡು. ಅದು ಪೊಲೀಸ್ ಪರವಾನಗಿ ಇದ್ದ ಸ್ಥಳೀಯ ಅರಬರಿಗೆ ಮಾತ್ರ. ಮ್ಯಾನೇಜರ್ ಭಟ್ಕಳದ ಇಸ್ಮತುಲ್ಲಾ ಸಾಹೇಬರು. ನಾನು ಗುಂಡು ಮೂಸಿ ಜಾತಕ ಹೇಳುವಾಗೆಲ್ಲ ಅವರು ಕನ್ನಡಕ ಹಣೆಗೇರಿಸಿ, "ಬಂದೂಕಿಗೆಲ್ಲ ಸೇಫ್ಟಿ ಉಂಟು ಚಂದು, ನಿನ್ನ ಬಾಯಿಗೆ ಮಾತ್ರ ಇಲ್ಲ ಮಾರಾಯ" ಎನ್ನುತ್ತಿದ್ದರು.

ಆ ದಿನ ಅಬು ಹುಮೈದ್ ಬಂದರು. ಒಮಾನ್ ಗಡಿಯತ್ತ ಹೋಗುವ ಹತ್ತಾ ರಸ್ತೆಯಲ್ಲಿ ತೋಟ ಇರುವ ಮುದುಕರು, ಆಳುಗಳ ಬಾಯಲ್ಲಿ ಅರ್ಬಾಬ್, ಅಂದರೆ ಧಣಿ. ಗಡ್ಡ ಎಷ್ಟು ಬಿಳಿ ಅಂದರೆ ನಮ್ಮ ಅಂಗಡಿಯ ಟ್ಯೂಬ್‌ಲೈಟು ನಾಚಿಕೊಂಡು ಮಿಣಮಿಣ ಅಂದಿತು. ತಮ್ಮ ರಿವಾಲ್ವರನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟರು. ನಳಿಗೆ ಹೆಬ್ಬೆರಳಿಗಿಂತ ಉದ್ದವಿಲ್ಲ.

"ಇದಕ್ಕೆ ಗುಂಡು ಬೇಕು. ದಪ್ಪ ಕೋಟು ಹಾಕಿಕೊಂಡ ಮನುಷ್ಯ. ಇಲ್ಲಿಂದ ಆ ಬಾಗಿಲಷ್ಟು ದೂರ. ಗುಂಡು ಅವನನ್ನು ನಿಲ್ಲಿಸಬೇಕು, ಬೆನ್ನಿಂದ ಆಚೆಗೆ ಹೋಗಬಾರದು. ಯಾವುದು ಕೊಡ್ತೀಯ?"

ನಮ್ಮ ಗಿರಾಕಿಗಳು ಸಾಮಾನ್ಯವಾಗಿ ಕೇಳುವುದು ಯಾವುದು ದುಬಾರಿ, ಯಾವುದು ಹೆಚ್ಚು ಸದ್ದು ಮಾಡುತ್ತದೆ ಎಂದು. ಸತ್ವಾ ಬಜಾರಿನ ದರ್ಜಿಯ ಹತ್ತಿರ ನಿಂತ ಹಾಗೆ ಮನುಷ್ಯನ ಅಳತೆ ಕೊಟ್ಟು ಗುಂಡು ಕೇಳಿದವರು ಇವರೊಬ್ಬರೇ. ನಾನು ಡಬ್ಬಿ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಯಾಕೆಂದರೆ ಇವರ ತೋಟದಲ್ಲಿ ದಪ್ಪ ಕೋಟು ಹಾಕುವವನು ಯಾರೆಂದು ನನಗೆ ಗೊತ್ತಿತ್ತು. ಮುನಿಸ್ವಾಮಿ. ಕೋಲಾರದ ಕಡೆಯವನು, ಸತ್ವಾದಲ್ಲಿ ನಾವು ಹತ್ತಾರು ಜನ ಬಾಡಿಗೆ ಹಂಚಿಕೊಂಡಿದ್ದ ವಿಲ್ಲಾದಲ್ಲಿ ಮೊದಲು ನನ್ನ ಪಕ್ಕದ ಮಂಚದವನು. ಅವನನ್ನು ಆ ತೋಟದ ಕೆಲಸಕ್ಕೆ ಸೇರಿಸಿದ್ದೇ ನಾನು. ಈಗ ಅಲ್ಲೇ ಒಂದು ಕೋಣೆಯಲ್ಲಿ ಅವನ ವಾಸ. ಮರುಭೂಮಿಯ ಚಳಿ ತಡೆಯದೆ ಹಳೆ ಬಟ್ಟೆಯ ಅಂಗಡಿಯಿಂದ ಒಂದು ಖಾಕಿ ಉಣ್ಣೆಯ ಕೋಟು ತಂದಿದ್ದ. ಯಾವುದೋ ದೇಶದ ಸೈನಿಕನದು. ಅದನ್ನು ಊರಿಗೆ ಒಯ್ಯಬೇಕೆಂದರೆ ವಿಮಾನದಲ್ಲಿ ಬೇರೆ ಸೀಟು ಬೇಕು, ಅಷ್ಟು ತೂಕ.

ಹಿಂದಿನ ಶುಕ್ರವಾರ ವಿಲ್ಲಾಕ್ಕೆ ಬಂದಾಗ ಅವನ ಮುಖ ಬಾಡಿತ್ತು. "ಅಣ್ಣಾ, ಪಂಜರ ತೊಳೆಯೋಕಂತ ಬಾಗಿಲು ತೆಗ್ದೆ, ಅರ್ಬಾಬ್ ಗಿಡುಗ ಹಾರೋಗ್ಬಿಡ್ತು. ಒಂದು ಲ್ಯಾಂಡ್‌ಕ್ರೂಸರ್ ಬೆಲೆಯಂತೆ ಅದು."

"ಬೈದರಾ?"

"ಬೈದಿದ್ರೆ ಪರವಾಗಿರ್ಲಿಲ್ಲ. ಒಂದು ಮಾತೂ ಆಡ್ಲಿಲ್ಲ. ಅವತ್ತಿಂದ ನಾನಿಲ್ದಾಗ ನನ್ನ ರೂಮಿಗೆ ಬಂದು ಗೋಡೆ ತಟ್ಟಿ ತಟ್ಟಿ ನೋಡ್ತಾರೆ. ಮೊನ್ನೆ ನನ್ನ ಮಂಚ ಅಳತೆ ಮಾಡ್ತಾ ಇದ್ರು."

ಮಂಚದ ಅಳತೆ ಯಾಕೆ ಬೇಕು ಮನುಷ್ಯನಿಗೆ? ಮಂಚದಷ್ಟೇ ಉದ್ದದ ಇನ್ನೊಂದು ಜಾಗ ನನ್ನ ಕಣ್ಣಿಗೆ ಕಟ್ಟಿತು. ಈಗ ಆ ಮುದುಕರೇ ರಿವಾಲ್ವರ್ ಇಟ್ಟುಕೊಂಡು ನನ್ನೆದುರು ಕೂತಿದ್ದಾರೆ, ಖಾವಾ ಕಾಫಿ ಹೀರುತ್ತಿದ್ದಾರೆ.

ನನ್ನ ಮುಂದೆ ಎರಡು ಡಬ್ಬಿ. ಒಂದರಲ್ಲಿ ಮೂತಿಗೆ ಕುಳಿ ಕೊರೆದ ಗುಂಡು. ಒಳಹೊಕ್ಕ ಕೂಡಲೇ ದಾಸವಾಳದ ಹಾಗೆ ಅರಳುತ್ತದೆ, ಅಲ್ಲೇ ನಿಲ್ಲುತ್ತದೆ ಎಂದು ಡಬ್ಬಿಯ ಮೇಲೆ ಚಿತ್ರವೇ ಇದೆ. ಎಲ್ಲ ಅಂಗಡಿಯವರೂ ಕೊಡುವುದು ಅದನ್ನೇ. ಇನ್ನೊಂದರಲ್ಲಿ ಕ್ಲಬ್ಬಿನವರು ಕಾಗದದ ಗುರಿಗೆ ಹೊಡೆಯುವ ಬಡಪಾಯಿ ಗುಂಡು. ಮೂತಿ ಕತ್ತರಿಸಿದ ಸೀಮೆಸುಣ್ಣದ ಹಾಗೆ ಚಪ್ಪಟೆ, ಮದ್ದೂ ಕಡಿಮೆ. ಇದು ಆ ಕೋಟಿಗೆ ತಾಗಿದರೆ ಗುಂಡಿಯೂ ಕಿತ್ತು ಬರಲಾರದು ಎಂದುಕೊಂಡು ಚಪ್ಪಟೆಯದನ್ನು ಮುಂದೆ ತಳ್ಳಿದೆ.

ಅಬು ಹುಮೈದ್ ಕಣ್ಣು ಕಿರಿದು ಮಾಡಿದರು. "ಬೇರೆ ಅಂಗಡಿಯವರೆಲ್ಲ ಕುಳಿ ಇರೋದನ್ನ ತೋರಿಸಿದರು. ನೀನು ಇದನ್ನ ಕೊಡ್ತಾ ಇದ್ದೀಯ. ಯಾಕೆ?"

ನಾನು ಗುಂಡು ಮೂಸಿದೆ. "ಅರ್ಬಾಬ್, ಇಂಥ ಗಿಡ್ಡ ರಿವಾಲ್ವರಿನಲ್ಲಿ ಸಾವಿರ ಸಲ ಹೊಡೆದು ನೋಡಿದವನು ನಾನು. ಒಂಟೆಯ ಕಣ್ರೆಪ್ಪೆಯ ಕೂದಲು ಎಣಿಸಿ ಉದುರಿಸಿದ್ದೇನೆ, ಒಂಟೆಗೆ ಎಚ್ಚರ ಕೂಡ ಆಗಲಿಲ್ಲ."

"ಹಾಗೋ?" ಮುದುಕರು ನನ್ನನ್ನೇ ನೋಡಿದರು. ಇಸ್ಮತುಲ್ಲಾ ಸಾಹೇಬರು ನೆಲ ನೋಡಿದರು. "ಹಾಗಾದ್ರೆ ಶುಕ್ರವಾರ ಇಬ್ಬರೂ ತೋಟಕ್ಕೆ ಬನ್ನಿ. ಹೊಡೆದೇ ನೋಡೋಣ."

ಎರಡೂ ಡಬ್ಬಿಯನ್ನು ಅವರೇ ಒಯ್ದರು. ಎರಡು ಯಾಕೆ ಎಂದು ನನಗೆ ನಿದ್ದೆ ಬರಲಿಲ್ಲ.

ಶುಕ್ರವಾರ ಸಾಹೇಬರ ಕಾರಿನಲ್ಲಿ ಹೋದೆವು. ತೋಟದ ಹಿಂಭಾಗದಲ್ಲಿ ಎರಡು ಗೂಟಕ್ಕೆ ಅಡ್ಡ ಕೋಲು ಕಟ್ಟಿ ಅದಕ್ಕೆ ಮುನಿಸ್ವಾಮಿಯ ಖಾಕಿ ಕೋಟು ತೂಗುಹಾಕಿದ್ದರು. ಕತ್ತಿನವರೆಗೂ ಗುಂಡಿ ಹಾಕಿದ ಕೋಟು. ಒಳಗೆ ಮಾತ್ರ ಮನುಷ್ಯ ಇಲ್ಲ. ಅದರ ಹಿಂದೆ ಮನುಷ್ಯನ ಮೈಯ ಬದಲಿಗೆ ಹಳೆಯ ಪತ್ರಿಕೆಗಳ ಕಟ್ಟುಗಳು, ಆಡಿನ ತೊಟ್ಟಿಯಲ್ಲಿ ನೆನೆಸಿ ಒತ್ತಾಗಿ ಜೋಡಿಸಿದ್ದು. ಅದರ ಹಿಂದೆ ಒಂದು ಪ್ಲೈವುಡ್ ಹಲಗೆ, ಆಮೇಲೆ ಮರಳಿನ ದಿಬ್ಬ.

"ಮುನಿಸ್ವಾಮಿ ಎಲ್ಲಿ ಅರ್ಬಾಬ್?"

"ಅವನಿಗೆ ಇನ್ನು ಆ ಕೋಟು ಬೇಡ," ಎಂದರು ಅಬು ಹುಮೈದ್.

ಮುನಿಸ್ವಾಮಿಯ ಕೋಣೆಯ ಪಕ್ಕದಲ್ಲಿ ಹೊಸದಾಗಿ ತೋಡಿದ ಉದ್ದನೆಯ ಗುಂಡಿ ಕಂಡಿತು. ಸಾಹೇಬರ ತೋಳು ಜಗ್ಗಿ ತೋರಿಸಿದೆ. "ಖರ್ಜೂರದ ಸಸಿ ನೆಡಲಿಕ್ಕೆ ಇರಬಹುದು ಮಾರಾಯ," ಎಂದರು ಅವರು. ಆದರೆ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಯಲ್ಲಾ ಚಂದು, ಸಾವಿರ ಹೊಡೆದವನು ನೀನು. ನೀನೇ ಶುರು ಮಾಡು," ಎಂದು ಅಬು ಹುಮೈದ್ ರಿವಾಲ್ವರ್ ಚಾಚಿದರು.

"ಬೇಡ ಅರ್ಬಾಬ್. ನಾನು ಹೊಡೆದರೆ ಕೋಟೂ ಉಳಿಯುವುದಿಲ್ಲ, ದಿಬ್ಬವೂ ಉಳಿಯುವುದಿಲ್ಲ. ಒಮಾನಿನವರು ಬಂದು ಜಗಳ ತೆಗೆಯುತ್ತಾರೆ."

ಅವರು ನಗಲಿಲ್ಲ. ತಾವೇ ಹೊಡೆದರು. ಮೊದಲು ಕುಳಿಮೂತಿಯದು. ಸದ್ದಿಗೆ ಆಡುಗಳೆಲ್ಲ ಒಟ್ಟಿಗೆ ಹಾರಿದವು. ಮುದುಕರ ಮಣಿಕಟ್ಟು ಮೇಲಕ್ಕೆ ಚಿಮ್ಮಿತು. ರಿವಾಲ್ವರ್ ಕೆಳಗಿಳಿಸಿ ಮತ್ತೆ ಗುರಿ ಹಿಡಿಯಲು ಅವರಿಗೆ ಹೊತ್ತೇ ಹಿಡಿಯಿತು. ಆಮೇಲೆ ಚಪ್ಪಟೆಯದು. ಕೈ ಅಲ್ಲಾಡಲಿಲ್ಲ.

ಹೋಗಿ ನೋಡಿದೆವು. ನಾನು ದಾಸವಾಳ ಎಂದು ಮೆರೆಸುತ್ತಿದ್ದ ಗುಂಡು ಕೋಟು, ಪತ್ರಿಕೆ, ಹಲಗೆ ಎಲ್ಲ ದಾಟಿ ದಿಬ್ಬದಲ್ಲಿ ಹೂತಿತ್ತು. ಅಬು ಹುಮೈದ್ ಅದನ್ನು ಕೆದಕಿ ತೆಗೆದರು. ಅದರ ಕುಳಿಯಲ್ಲಿ ಖಾಕಿ ಉಣ್ಣೆ ಗಟ್ಟಿಯಾಗಿ ತುಂಬಿತ್ತು.

"ನೋಡು. ಗಿಡ್ಡ ನಳಿಗೆಯಲ್ಲಿ ಗುಂಡಿಗೆ ಅಷ್ಟು ವೇಗ ಬರೋದಿಲ್ಲ. ಬಟ್ಟೆ ಬಾಯಿಗೆ ತುಂಬಿಕೊಂಡಿತು. ಅರಳಲಿಲ್ಲ, ಮೊಳೆಯ ಹಾಗೆ ನೆಟ್ಟಗೆ ಆಚೆ ಹೋಯಿತು."

ಚಪ್ಪಟೆ ಗುಂಡು ಕೋಟಿನಲ್ಲಿ ನಾಣ್ಯ ಕತ್ತರಿಸಿದಂಥ ದುಂಡು ತೂತು ಮಾಡಿ, ಪತ್ರಿಕೆಗಳ ಕೊನೆಯ ಕಟ್ಟಿನಲ್ಲಿ ನಿಂತಿತ್ತು. ಹಲಗೆಗೆ ಗೀರೂ ಇಲ್ಲ. ಬಡಪಾಯಿ ಎಂದು ನಾನೇ ಆರಿಸಿ ಕೊಟ್ಟ ಗುಂಡು!

"ಪಕ್ಕದ ತೋಟದಲ್ಲಿ ಗಿಡುಗ ಕಳ್ಳರು ನುಗ್ಗಿದ್ದರು," ಎಂದರು ಮುದುಕರು. "ಚಳಿಗೆ ಕೋಟು ಹಾಕಿಕೊಂಡೇ ಬರ್ತಾರೆ, ಕೈಯಲ್ಲಿ ಕತ್ತಿ. ಈಗ ನಾನು ಗಿಡುಗದ ಕೋಣೆಯಲ್ಲೇ ಮಲಗ್ತೀನಿ. ಅದರ ಗೋಡೆ ಇದೇ ಹಲಗೆಯದ್ದು. ಗೋಡೆಯ ಆಚೆ ನಿಮ್ಮ ಮುನಿಸ್ವಾಮಿಯ ತಲೆ. ಅಂಗಡಿಯವರ ಮಾತು ಕೇಳಿದ್ದರೆ ಕಳ್ಳನಿಗೆ ಹೊಡೆದ ಗುಂಡು ಅವನನ್ನೂ ತಗೊಂಡು ಹೋಗ್ತಿತ್ತು."

"ಹಾಗಾದರೆ ಕೋಣೆಯ ಪಕ್ಕ ತೋಡಿದ ಆ ಗುಂಡಿ?"

"ಸಿಮೆಂಟ್ ಇಟ್ಟಿಗೆಯ ಗೋಡೆಗೆ ಪಾಯ. ಅವನ ಮಂಚವನ್ನೂ ಆಚೆ ಮೂಲೆಗೆ ಸರಿಸ್ತೀನಿ, ಅಳತೆ ಮಾಡಿದ್ದೀನಿ. ಯಾವ ಗುಂಡನ್ನೂ ಪೂರ್ತಿ ನಂಬೋಕಾಗಲ್ಲ."

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಮುನಿಸ್ವಾಮಿಯೇ ಬಂದ. ಮೈಮೇಲೆ ಹೊಸ ನೀಲಿ ಜಾಕೆಟ್. "ಅಣ್ಣಾ, ಬಂದ್ಯಾ! ಅರ್ಬಾಬ್ ಕೊಡ್ಸಿದ್ದು ನೋಡು. ಗಿಡುಗಾನೂ ಹಸಿವಾಗಿ ತಾನೇ ವಾಪಸ್ ಬಂತು. ಅಯ್ಯೋ, ನನ್ನ ಕೋಟು ಹಿಂಗ್ ತೂತು ಮಾಡವ್ರಾ!"

ಜೀವ ಬಂದ ಕೂಡಲೇ ಬಾಯಿಯೂ ಬಂತು. "ನಾನು ಅವತ್ತೇ ಹೇಳಲಿಲ್ಲವಾ ಅರ್ಬಾಬ್? ಗೋಡೆ, ಮಂಚ, ಕಳ್ಳ, ಎಲ್ಲ ಆ ಗುಂಡಿನ ವಾಸನೆಯಲ್ಲೇ ಗೊತ್ತಾಗಿತ್ತು. ಅದಕ್ಕೇ ಚಪ್ಪಟೆಯದು ಕೊಟ್ಟೆ."

ಅಬು ಹುಮೈದ್ ಬಗ್ಗಿ ನೆಲದಿಂದ ಏನನ್ನೋ ಎತ್ತಿ, ಮುಷ್ಟಿ ಮುಚ್ಚಿ ನನ್ನ ಮೂಗಿನ ಕೆಳಗೆ ಹಿಡಿದರು. "ಇದು ಯಾವ ಗುಂಡು?"

ಕಣ್ಣು ಮುಚ್ಚಿ ಉಸಿರೆಳೆದೆ. "ಬೆಲ್ಜಿಯಮ್ಮಿನದು. ಮಂಗಳವಾರ ಮಾಡಿದ್ದು. ಮಾಡಿದವನಿಗೆ ಆಗ ತಾನೇ ಮದುವೆಯಾಗಿತ್ತು."

ಅವರು ಮುಷ್ಟಿ ಬಿಚ್ಚಿದರು. ಆಡಿನ ಹಿಕ್ಕೆ.

ಇಸ್ಮತುಲ್ಲಾ ಸಾಹೇಬರು ನಕ್ಕು ನಕ್ಕು ಮರಳಿನ ಮೇಲೇ ಕುಕ್ಕರಿಸಿದರು. ಮುದುಕರು ಮಾತ್ರ ನಗದೆ ಕಾಯುತ್ತಿದ್ದರು. "ಈಗ ನಿಜ ಹೇಳು. ಆ ಗುಂಡು ಯಾಕೆ ಕೊಟ್ಟೆ?"

"ನನ್ನ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ ಅರ್ಬಾಬ್. ಸಣ್ಣವನಿದ್ದಾಗ ಬಂದ ಜ್ವರದಲ್ಲಿ ಹೋಯಿತು. ಬಂದೂಕು ಒರೆಸಿದ್ದೇನೆ, ಒಂದು ಸಲವೂ ಹೊಡೆದಿಲ್ಲ. ನೀವು ಇವನನ್ನೇ ಕೊಲ್ಲುತ್ತೀರಿ ಅಂದುಕೊಂಡೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಾರದ ಗುಂಡು ಯಾವುದು ಅಂತ ಹುಡುಕಿ ಕೊಟ್ಟೆ." ಮುನಿಸ್ವಾಮಿಯ ಮುಖ ನೋಡಲಾಗದೆ ಕೋಟಿನ ತೂತು ನೋಡಿದೆ. "ಯಾವುದು ಕೆಲಸಕ್ಕೆ ಬಾರದ್ದು ಅಂತಲೂ ನನಗೆ ಗೊತ್ತಿರಲಿಲ್ಲ."