ಐದು ನಿಮಿಷದ ಮೊಸರು

"ಮೊಸರಂತೆ ಮೊಸರು! ಹಾಲಿಗೆ ಹುಳಿ ಬರಿಸೋ ಪುಡಿ ಕಲಸಿ ಗಟ್ಟಿ ಮಾಡಿದ್ದಕ್ಕೆ ಮೊಸರು ಅಂತ ಚೀಟಿ ಅಂಟಿಸ್ತೀಯಾ? ನಿನ್ನ ತಲೇಲೂ ಅದೇ ಪುಡಿ ತುಂಬಿರ್ಬೇಕು!"

ಅಕ್ಕನ ಕೂಗಿಗೆ ಡೈರಿಯ ಸ್ಟೀಲ್ ಡ್ರಮ್ಮುಗಳೇ ಗುಂಯ್‌ಗುಟ್ಟಿದವು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹೆಪ್ಪು ಹಾಕುತ್ತಿದ್ದವಳು ಅವಳು. ವ್ಯವಹಾರ ನೋಡುತ್ತಿದ್ದವನು ತಮ್ಮ.

"ನಿಂದು ಏಳು ಗಂಟೆ ಕಾಯೋ ಕೆಲ್ಸ ಅಕ್ಕ, ನಂದು ಐದೇ ನಿಮಿಷ. ರುಚಿ ನೋಡಿ ವ್ಯತ್ಯಾಸ ಹೇಳು, ನೋಡೋಣ."

ನೋಡಿದಳು. ಹೇಳಲು ಬರಲಿಲ್ಲ. ಅದೇ ಹುಳಿ, ಅದೇ ನುಣುಪು. ಮೈಯೆಲ್ಲ ಉರಿದುಹೋಯಿತು.

"ನಾಲಿಗೇನ ಏಮಾರಿಸಬಹುದು ಕಣೋ, ಸಣ್ಣಕರುಳನ್ನಲ್ಲ! ಅಪ್ಪ ಒಂದು ಲೋಟ ಹಾಲು ಕುಡಿದ್ರೆ ಹೊಟ್ಟೆ ಗುಡುಗ್ತಿತ್ತು. ಮೊಸರು ಬಟ್ಟಲುಗಟ್ಟಲೆ ತಿಂದ್ರೂ ಗಪ್‌ಚುಪ್. ಯಾಕೆ? ಹೆಪ್ಪಿನ ಜೀವಾಣುಗಳು ಹಾಲಿನ ಸಕ್ಕರೇನ ಒಂದಷ್ಟು ತಾವೇ ತಿಂದಿರ್ತವೆ. ಉಳಿದದ್ದು ಅರಗೋಕೆ ಕರುಳಿನೊಳಗೂ ಕೈಜೋಡಿಸ್ತವೆ. ನಿನ್ನ ಪುಡೀಲಿ ಏನಿದೆ, ಮಣ್ಣು?"

"ಮುಗೀತಾ ಪಾಠ? ಇವತ್ತು ಆಸ್ಪತ್ರೆಯವರು ನನ್ನ ಮೊಸರಿಗೆ ಸಹಿ ಹಾಕಿದ್ರೆ, ನಾಳೆಯಿಂದ ನಿನ್ನ ಹೆಪ್ಪಿನ ಕೋಣೆಗೆ ಬೀಗ. ಅಷ್ಟೇ."

ಆ ಕೋಣೆ ಬಿಟ್ಟರೆ ಅಕ್ಕನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಸಹಿ ಹಾಕಬೇಕಾದವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ.

"ಜಗಳ ಆಮೇಲೆ ಆಡಿ. ಭೇದಿ ನಿಂತು ಎದ್ದು ಕೂತವರಿಗೆ ಕೊಡೋದಿದು. ಯಾವುದು ಒಗ್ಗುತ್ತೆ?"

"ನಂದೇ ಮೇಡಂ! ತಿಂದೇ ತೋರಿಸ್ತೀನಿ," ಎಂದು ತಮ್ಮ ತನ್ನ ಮೊಸರನ್ನು ಮೂರು ಬಟ್ಟಲು ಗಬಗಬ ಇಳಿಸಿದ. ಅಕ್ಕನೂ ಬಿಡಲಿಲ್ಲ, ತನ್ನದನ್ನು ಮೂರು ಬಟ್ಟಲು ಮುಗಿಸಿದಳು.

ಪಾಪ, ಒಂದು ವಿಷಯ ಅವನಿಗೆ ಹೊಳೆದೇ ಇರಲಿಲ್ಲ. ಚಿಕ್ಕವನಿದ್ದಾಗ ಅಮ್ಮ ಕೊಟ್ಟ ಹಾಲನ್ನು ಕದ್ದು ಬೆಕ್ಕಿಗೆ ಸುರಿಯುತ್ತಿದ್ದವನು, ದೊಡ್ಡವನಾದ ಮೇಲೆ ಅಕ್ಕನ ಮೊಸರನ್ನಷ್ಟೇ ತಿಂದು ಬದುಕಿದವನು. ಅವನ ಹೊಟ್ಟೆಗೂ ಹಾಲಿಗೂ ಮುಖಾಮುಖಿ ಆಗಿಯೇ ಇರಲಿಲ್ಲ.

ಮೇಲ್ವಿಚಾರಕಿ ಶೈತ್ಯಕೋಣೆ ನೋಡಿದಳು, ಡ್ರಮ್ಮುಗಳ ಒಳಗೆ ಬೆರಳಾಡಿಸಿದಳು, ಚರಂಡಿಯನ್ನೂ ಇಣುಕಿದಳು. ಇದಕ್ಕೆಲ್ಲ ಗಂಟೆ ಮೀರಿತು. ಮೂವರೂ ಮೇಜಿಗೆ ಕೂತು ಅವಳು ಪೆನ್ನು ತೆಗೆದಾಗ ಮೇಜಿನಡಿಯಿಂದ ಗುಳುಗುಳು ಸದ್ದು ಬಂತು.

"ಪಂಪು ಕೆಟ್ಟಿದೆಯಾ?"

"ಪಂಪಲ್ಲಮ್ಮ," ಅಂದಳು ಅಕ್ಕ, "ನಮ್ಮಪ್ಪ ಮಾತಾಡ್ತಿದ್ದಾನೆ."

ತಮ್ಮನ ಹಣೆಯಲ್ಲಿ ಬೆವರೊಡೆಯಿತು. ಎರಡನೇ ಸಲದ ಸದ್ದು ಇನ್ನೂ ಉದ್ದವಾಗಿತ್ತು, ಕೊನೆಯಲ್ಲಿ ಒಂದು ಕೊಂಕು ಬೇರೆ.

"ಒಂದು ಫೋನ್ ಬಂತು, ಈಗ ಬಂದೆ," ಎಂದು ಎದ್ದ. ಫೋನು ಮೇಜಿನ ಮೇಲೆಯೇ ಬಿದ್ದಿತ್ತು. ಬಾಗಿಲವರೆಗೆ ಗತ್ತಿನಿಂದ ನಡೆದ, ಆಚೆ ಓಡಿದ ಸಪ್ಪಳ ಕೇಳಿಸಿತು.

ಮೇಲ್ವಿಚಾರಕಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಕ್ಕ ಕಲ್ಲುಗುಂಡಿನಂತೆ ಕೂತಿದ್ದಳು.

"ಏಳು ಗಂಟೆ ಕಾಯ್ಬೇಕು ಅಂದ್ರಲ್ಲ ನಿಮ್ಮ ತಮ್ಮ, ಬೆಳಿಗ್ಗೆ ಆರಕ್ಕೆ ನಮಗೆ ಸಿಗಬೇಕಾದ್ರೆ ಹೆಪ್ಪು ಎಷ್ಟೊತ್ತಿಗೆ ಹಾಕ್ತೀರಿ?"

ಅವರು ಹೊತ್ತು ಗೊತ್ತುಮಾಡಿದರು, ಕಾಗದಕ್ಕೆ ಸಹಿ ಬಿತ್ತು, ಚಹಾ ಬಂದು ಆರಿ ತಣ್ಣಗಾಯಿತು. ತಮ್ಮ ವಾಪಸು ಬರಲೇ ಇಲ್ಲ.