ಕಿವಿಯಲ್ಲಿ ಹೇಳಿದ ಪಿಚ್ಚರ್

"ಅಕ್ಕಾ, ಅಕಿ ತಿರುಗಿ ಬರಂಗಿಲ್ರಿ. ಬಸ್ ಹತ್ತಿ ಹೋಗಿಬಿಡ್ತಾಳ. ಅಲ್ಲಿಗೇ ಪಿಚ್ಚರ್ ಖತಂ," ಅಂದಳು ಫರಹತ, ಮೊಬೈಲನ್ನು ಹೊಲಿಗೆ ಮಷೀನಿನ ಮೇಲೆ ಬೋರಲು ಇಡುತ್ತ.

ಪಕ್ಕದ ಮನೆಯ ಅನುಸೂಯಾ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ನೀ ಪೂರಾ ನೋಡಿಲ್ಲ ಬಿಡು. ಅಕಿ ಪಂಚಮಿಗಿ ತವರಿಗಿ ಹೊಂಟಿರ್ತಾಳ. ಹಾಡೂದು ಬಿಟ್ಟು ಮನಿ ನೋಡ್ಕೊಂಡು ಇರ್ತೀನಿ ಅಂತ ಗಂಡಗ ಮಾತು ಕೊಟ್ಟಿರ್ತಾಳ."

"ಹಂಗಂತ ಯಾರ್ ಹೇಳ್ಯಾರ್ರಿ ನಿಮಗ?"

"ಯಾರ್ ಹೇಳೂದೇನ ಬೇ? ನಾನ ನೋಡೇನಿ. ಇದೇ ನಿಪ್ಪಾಣಿ ಥೇಟರದಾಗ, ಬಾಲ್ಕನ್ಯಾಗ ಕುಂತು ನೋಡೇನಿ."

ನೋಡಿದ್ದು ನಿಜ. ಆದರೆ ಕೇಳಿದ್ದು ಮಾತ್ರ ಗಂಡನ ಬಾಯಿಂದ.

ಅನುಸೂಯಾ ಕೊಕಟನೂರಿನಿಂದ ಸೊಸೆಯಾಗಿ ನಿಪ್ಪಾಣಿಗೆ ಬಂದಾಗ ಅವಳಿಗೆ ಮರಾಠಿಯ ಗಂಧವೇ ಇರಲಿಲ್ಲ. ಇಲ್ಲಿ ನೋಡಿದರೆ ಕಾಯಿಪಲ್ಲೆ ಮಾರುವವಳಿಂದ ಹಿಡಿದು ಥೇಟರಿನ ಪರದೆಯವರೆಗೆ ಎಲ್ಲ ಮರಾಠಿ, ಉಳಿದದ್ದು ಹಿಂದಿ. ಗಂಡ ಮುರಗೆಪ್ಪ ತಂಬಾಕಿನ ವಖಾರಿಯಲ್ಲಿ ತೂಕದ ಕೆಲಸಕ್ಕಿದ್ದ. ಪಿಚ್ಚರೆಂದರೆ ಅವನಿಗೆ ಪ್ರಾಣ. ಹೆಂಡತಿಯನ್ನು ಬಿಟ್ಟು ಹೋಗಲು ಮನಸ್ಸು ಬಾರದೆ, ಸಂತೆಯ ದಿನ ಇಬ್ಬರೂ ಹೋಗುವುದು ರೂಢಿಯಾಯಿತು. ಕತ್ತಲಲ್ಲಿ ಅವಳ ಕಿವಿಯ ಹತ್ತಿರ ಬಾಯಿ ತಂದು, ಪರದೆಯ ಮೇಲಿನವರು ಏನೇನು ಅನ್ನುತ್ತಾರೋ ಎಲ್ಲವನ್ನೂ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ. ನಾಯಕನಿಗೆ ಒಂದು ದನಿ, ಖಳನಿಗೆ ಒಂದು ದನಿ, ಅತ್ತೆಗೆ ಮೂಗಿನಿಂದ ಒಂದು ದನಿ. ಹಿಂದಿನ ಸಾಲಿನವರು "ಅಹೋ ಪಾವ್ಣಂ, ಹಳೂ ಬೋಲಾ!" ಎಂದು, ಮೆಲ್ಲಗೆ ಮಾತಾಡಲು ಗದರುತ್ತಿದ್ದರು. ಮುಂದಿನ ಸಾಲಿನಲ್ಲಿ ಒಮ್ಮೆ ಕೂತಿದ್ದ ರಾಯಬಾಗ ಕಡೆಯ ಅಜ್ಜಿಯೊಬ್ಬಳು ಮಾತ್ರ ಹಿಂದಕ್ಕೆ ವಾಲಿ, "ಯಪ್ಪಾ, ಜರಾ ಜೋರಾಗಿ ಹೇಳೋ, ನನಗೂ ಕೇಳ್ಲಿ" ಅಂದಿದ್ದಳು.

ಆ ದಿನಗಳಲ್ಲಿ ನೋಡಿದ್ದರಲ್ಲಿ ಹಾಡುಗಾರ್ತಿಯ ಪಿಚ್ಚರೇ ಅನುಸೂಯಾಗೆ ಎಲ್ಲಕ್ಕಿಂತ ಮೇಲು. ಮದುವೆ ಮನೆಗಳಲ್ಲಿ ಹಾಡುವ ಹೆಣ್ಣುಮಗಳೊಬ್ಬಳ ಕತೆ ಅದು. ಎಲ್ಲರಿಗಿಂತ ಚಂದ ಹಾಡುವವಳು ಕೊನೆಗೆ ಹಾಡು ಬಿಟ್ಟು ಸಂಸಾರದಲ್ಲಿ ಸುಖ ಕಾಣುತ್ತಾಳೆ ಎಂದು ಅನುಸೂಯಾ ಫರಹತಗೆ ಅದೆಷ್ಟು ಸಲ ಹೇಳಿದ್ದಳೋ. ಹೇಳುವುದಕ್ಕೆ ಕಾರಣವೂ ಇತ್ತು. ಅನುಸೂಯಾಳೂ ಹಾಡುವವಳೇ. ಕೊಕಟನೂರಿನಲ್ಲಿ ಸೋಬಾನೆ ಎತ್ತಿಕೊಡಬೇಕೆಂದರೆ ಅವಳೇ ಬೇಕಿತ್ತು. ಗೆಳತಿ ತಾರವ್ವ ಮತ್ತು ಉಳಿದವರು ಹಿಂದೆ ದನಿ ಕೂಡಿಸುತ್ತಿದ್ದರು. ಮದುವೆಯಾದ ಮರುವರ್ಷ ಧಾರವಾಡ ರೇಡಿಯೋದಲ್ಲಿ ಹಾಡಲು ಆ ಗುಂಪಿಗೆ ಕರೆ ಬಂತು. "ಅನುಸೂಯಾನ್ನ ಕಳಿಸ್ರಿ, ಅಕಿ ಇಲ್ಲದ ನಮಗ ಸುರು ಮಾಡಾಕ ಬರಂಗಿಲ್ಲ" ಎಂದು ತಾರವ್ವ ಹೇಳಿ ಕಳಿಸಿದಳು. ಅನುಸೂಯಾ ಹೋಗಲಿಲ್ಲ. ತಾರವ್ವನೇ ಹೇಗೋ ಸುರು ಮಾಡಿ ಹಾಡಿ ಬಂದಳು. ಅದಾದ ಮೇಲೆ ಅನುಸೂಯಾ ಯಾರ ಮದುವೆಯಲ್ಲೂ ಬಾಯಿ ತೆರೆಯಲಿಲ್ಲ. ತನ್ನ ಮಗಳ ತೊಟ್ಟಿಲ ಶಾಸ್ತ್ರಕ್ಕೂ ಟೇಪು ಹಚ್ಚಿಸಿದಳು. ಯಾಕೆ ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಪಿಚ್ಚರಿನ್ಯಾಕಿ ಅಷ್ಟು ಚಂದ ಹಾಡಾಕಿ, ಅಕಿನ ಹಾಡು ಬಿಟ್ಟು ಸುಖದಾಗ ಇದ್ದಳು. ನನ್ನದೇನು ದೊಡ್ಡದು?"

"ಹಚ್ಚು, ನೋಡೂನು," ಅಂದಳು ಈಗ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು.

ಫರಹತ ಕೊನೆಯ ಭಾಗಕ್ಕೆ ಓಡಿಸಿ ಹಚ್ಚಿದಳು. ಎಲ್ಲವೂ ಅನುಸೂಯಾ ನೆನಪಿಟ್ಟುಕೊಂಡಂತೆಯೇ ಇತ್ತು. ಹಸಿರು ಸೀರೆ, ಕೈಯಲ್ಲಿ ತಗಡಿನ ಟ್ರಂಕು, ಹೊಸ್ತಿಲ ಮೇಲೆ ಗಂಡ. ಹಾಡುಗಾರ್ತಿ ಮಾತಾಡತೊಡಗಿದಳು. ಇಷ್ಟು ವರ್ಷ ನಿಪ್ಪಾಣಿಯಲ್ಲಿ ಬಾಳಿದ ಅನುಸೂಯಾ ಈಗ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾಳೆ, ಜಗಳ ಆಡುತ್ತಾಳೆ, ಕನಸೂ ಕಾಣುತ್ತಾಳೆ. ಒಂದೊಂದು ಮಾತೂ ತಿಳಿಯಿತು. ಅದರಲ್ಲಿ ಪಂಚಮಿಯಿರಲಿಲ್ಲ, ತವರಿರಲಿಲ್ಲ. ಬಸ್ಸು ಬಂತು, ಕಂಡಕ್ಟರ್ ಗಂಟೆ ಎಳೆದ, ದೂಳೆದ್ದಿತು. ಅಷ್ಟೇ.

"ಇನ್ನೊಮ್ಮೆ ಹಚ್ಚು."

ಫರಹತ ಇನ್ನೊಮ್ಮೆ ಹಚ್ಚಿದಳು. ಮತ್ತೂ ಒಮ್ಮೆ. ಆಮೇಲೆ ಮೆಲ್ಲಗೆ, "ಚಾ ಇಡ್ಲೇನ್ರಿ ಅಕ್ಕಾ?" ಅಂದಳು.

"ಬ್ಯಾಡ. ನಿನ್ನ ಮೊಬೈಲ್ ಸಂಜಿತನಾ ನನ್ನ ಕಡೆ ಇರ್ಲಿ."

ಮುರಗೆಪ್ಪ ಕೊತ್ತಂಬರಿ ಕಟ್ಟು ಹಿಡಿದು ಮನೆಗೆ ಬಂದಾಗ ಒಲೆಯ ಮೇಲೆ ಕುಕ್ಕರಿತ್ತು. ಹೆಂಡತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಬರ್ರಿ ಇಲ್ಲೆ. ಇದನ್ನ ನೋಡ್ರಿ."

ಅವನು ಮೂಗಿಗೆ ಚಾಳೀಸು ಏರಿಸಿ ನೋಡಿದ. ಮುಖ ಅರಳಿತು. "ಅರೇ! ನಮ್ಮ ಹಾಡುಗಾರ್ತಿ! ಎಲ್ಲಿ ಸಿಕ್ಕಳು ಇಕಿ?" ಎನ್ನುತ್ತ ಪಕ್ಕದಲ್ಲೇ ಕುಸಿದು ಕೂತ. ಹೊಸ್ತಿಲ ದೃಶ್ಯ ಬಂತು. ಹಳೆಯ ರೂಢಿ, ತಲೆ ತಾನಾಗಿ ಅವಳ ಕಿವಿಯ ಕಡೆ ಬಾಗಿತು. "ಈಗ ಅಕಿ, ತವರಿಗಿ ಹೋಗಿ..."

"ನನಗೀಗ ಮರಾಠಿ ಬರ್ತೈತ್ರಿ."

ಅವನು ತಲೆ ಹಿಂದಕ್ಕೆ ತೆಗೆದ. ಕೊತ್ತಂಬರಿ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ನೆಲಕ್ಕಿಟ್ಟ. ಮತ್ತೆ ಎತ್ತಿಕೊಂಡ.

"ಆ ಶೇವಟ, ಆ ಕಡೀ ಭಾಗ, ನನಗ ಸೇರಲಿಲ್ಲ ನೋಡು," ಅಂದ ಕೊನೆಗೆ. "ಮೂರು ತಾಸು ಕುಂದರಿಸಿ, ಕಡೀಕ ಮನಿ ಮುರದು ಕಳಿಸಿದ್ರ ಹೆಂಗ? ಅದಕ್ಕ ಜರಾ ರಿಪೇರಿ ಮಾಡಿದೆ."

"ರಿಪೇರಿ."

"ಇದೊಂದಕ್ಕ ಅಲ್ಲ. ನನಗ ಸೇರದ್ದು ಎಲ್ಲಾಕೂ ಮಾಡ್ತಿದ್ದೆ. ನೀ ಅತ್ಗೋತ ಮನಿಗಿ ಬರ್ತಿದ್ದಿ, ನೋಡಾಕ ಆಗ್ತಿದ್ದಿಲ್ಲ."

ಅನುಸೂಯಾ ಅವನ ಕಡೆ ತಿರುಗಿದಳು. "ಹಂಗಾದ್ರ ಆ ನಾಯಿ? ಹಳ್ಳದ ದಂಡ್ಯಾಗ ಬಿದ್ದಿತ್ತಲ್ಲ, ದಣದು ಮಲಗೈತಿ ಅಂದಿದ್ರಿ?"

"ಸತ್ತಿತ್ತು."

"ಕುರುಡ ತಮ್ಮ? ಆಪರೇಶನ್ ಆಗಿ ಕಣ್ಣು ಬಂದಾವ ಅಂದ್ರಿ?"

"ಎಲ್ಲೀವು ಬರ್ತಾವ ಮಾರಾಯ್ತಿ..."

ಅವಳಿಗೆ ನಗು ಬಂದುಬಿಟ್ಟಿತು. ಬದುಕಿದೆಯಾ ಬಡಜೀವ ಎಂಬಂತೆ ಅವನೂ ನಕ್ಕ. ಇಬ್ಬರೂ ಆ ನಾಯಿಯನ್ನು ನೆನೆದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೊದಲು ನಿಲ್ಲಿಸಿದವಳು ಅವಳು.

"ನಾ ಧಾರವಾಡಕ್ಕ ಯಾಕ ಹೋಗಲಿಲ್ಲ, ಗೊತ್ತೈತೇನ್ರಿ?"

"ನೀನ ಒಲ್ಲೆ ಅಂದಿ. ನಾ ಏನಾರ ಅಂದೆನೇನು? ಯಲ್ಲವ್ವನ ಆಣಿ, ಒಂದು ಮಾತು ಅಂದಿಲ್ಲ."

"ಹೌದು, ನೀವು ಅಂದಿಲ್ಲ. ಅಕಿ ಅಂದಳು." ಅನುಸೂಯಾ ಮೊಬೈಲಿನ ಕಡೆ ಗದ್ದದಿಂದ ತೋರಿಸಿದಳು. "ಅಕಿ ಬಿಟ್ಟು ಸುಖದಾಗ ಅದಾಳ, ನಾ ಯಾಕ ಹಾರ್ಯಾಡ್ಲಿ ಅಂತ ಬಿಟ್ಟೆ. ಅಕಿ ಬಿಟ್ಟೇ ಇದ್ದಿಲ್ಲ."

ಇದನ್ನು ಅವಳು ಊರಿಗೆಲ್ಲ ಹೇಳಿದ್ದಳು, ಗಂಡನಿಗೆ ಮಾತ್ರ ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಮುರಗೆಪ್ಪ ಕೊತ್ತಂಬರಿಯ ಎಲೆ ಒಂದೊಂದಾಗಿ ಕಿತ್ತು ಮಡಿಲಲ್ಲಿ ಹಾಕಿಕೊಳ್ಳತೊಡಗಿದ.

"ಪಿಚ್ಚರ್ ನೋಡಿದಾಗ ಧಾರವಾಡದ ಸುದ್ದಿ ಇನ್ನೂ ಬಂದಿದ್ದಿಲ್ಲಲ್ಲ?" ಅಂದ, ತನ್ನನ್ನೇ ಕೇಳಿಕೊಂಡಂತೆ.

"ಬಂದಿತ್ರಿ. ಅವತ್ತು ಮುಂಜಾನಿನ ನಮ್ಮಣ್ಣ ಮಾಳು ಬಂದು ಹೇಳಿದ. ನೀವ ಅವನ್ನ ಬಸ್ ಸ್ಟ್ಯಾಂಡಿಗಿ ಬಿಟ್ಟು ಬಂದ್ರಿ. ಮಧ್ಯಾನ ಥೇಟರಿಗಿ ಹೋದ್ವಿ."

"ಅದು ನೆನಪ ಆಗವಲ್ದು, ಅನು."

ಬೀದಿಯಲ್ಲಿ ಯಾರೋ ಬೈಕಿನ ಮೇಲೆ ಹಾಡು ಹಚ್ಚಿಕೊಂಡು ಹೋದರು.

"ಪಿಚ್ಚರಿನ್ಯಾಗ ಬಸ್ ಹೊಂಟಾಗ ನಿನ್ನ ಮಾರಿ ನೋಡಿದ್ದು ನೆನಪೈತಿ," ಅಂದ ಮುರಗೆಪ್ಪ. "ನೀ ಆ ಬಸ್ಸನ್ನ ನೋಡಾಕತ್ತಿದ್ದಿ. ಕಣ್ಣು ಸೈತ ಮಿಟಕಿಸಲಿಲ್ಲ. ನನಗ ಅಂಜಿಕಿ ಬಂತು."

ಅವನು ತಲೆ ತಗ್ಗಿಸಿ ಕೂತ. ಬಯ್ಯಲಿ ಎಂದು ಕಾಯುತ್ತಿದ್ದ ಅನ್ನಿಸುತ್ತದೆ. ಅನುಸೂಯಾ ಬಯ್ಯಲಿಲ್ಲ. ಬೆರಳಿನಿಂದ ಒತ್ತಿ ಅದೇ ದೃಶ್ಯವನ್ನು ಮತ್ತೆ ಹಚ್ಚಿ, ದನಿಯನ್ನು ಪೂರ್ತಿ ಇಳಿಸಿದಳು. ಪರದೆಯ ಮೇಲೆ ಹಾಡುಗಾರ್ತಿಯ ತುಟಿ ಮಾತ್ರ ಆಡುತ್ತಿತ್ತು.

"ಹೇಳ್ರಿ. ರಿಪೇರಿ ಬ್ಯಾಡ. ಅಕಿ ಏನಂತಾಳೋ ಅಷ್ಟ ಹೇಳ್ರಿ."

ಅವನು ಅವಳ ಕಿವಿಯ ಹತ್ತಿರ ಬಾಗಿದ. ದನಿ ಮೊದಲಿನಂತೆ ಇರಲಿಲ್ಲ, ಹಲ್ಲು ಬಿದ್ದ ಕಡೆ ಗಾಳಿ ಹೋಗುತ್ತಿತ್ತು. "'ನಿಮ್ಮ ಮನ್ಯಾಗ ನನಗ ಜಾಗಾ ಐತ್ರಿ, ನನ್ನ ದನಿಗಿಲ್ಲ. ಇಬ್ಬರನ್ನೂ ಇಟ್ಕೋಳಾಕ ಆಗಂಗಿಲ್ಲಂದ್ರ, ಇಬ್ಬರೂ ಹೋಗ್ತೇವಿ...'"

"ಮುಂದ?"

"ಮುಂದ ಏನಿಲ್ಲ. ಬಸ್ ಬರ್ತೈತಿ."

ಒಳಗೆ ಕುಕ್ಕರ್ ಕೂಗಿತು. ಅನುಸೂಯಾ ಬಸ್ಸನ್ನು ನೋಡುತ್ತ ಕೂತೇ ಇದ್ದಳು. ಇನ್ನೊಮ್ಮೆ ಕೂಗಿತು, ಮತ್ತೂ ಒಮ್ಮೆ. ಮುರಗೆಪ್ಪ ಹೆಂಡತಿಯ ಮುಖ ನೋಡಿದ, ಮಡಿಲಲ್ಲಿದ್ದ ಕೊತ್ತಂಬರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಗೆ ಕೈಯೂರಿ ಎದ್ದ, ಒಳಗೆ ಹೋಗಿ ಒಲೆ ಆರಿಸಿದ.