ಯುನ್‌ಲು ಹಿಡಿದವರ ಮೂಲೆ

ಶಾಂಘೈಯ ಆ ರಸ್ತೆ ಮೂಲೆಯಲ್ಲಿ ಶನಿವಾರ ಮಧ್ಯಾಹ್ನವಾದರೆ ಷೇರಿನ ಹುಚ್ಚಿನವರು ಗುಂಪುಗಟ್ಟುತ್ತಾರೆ. ಪೇಟೆಗೆ ರಜೆ, ಬಾಯಿಗೆ ರಜೆಯಿಲ್ಲ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಕೈಯಲ್ಲಿರುವ ಷೇರೇ ಹೆಸರು. ಸಿಮೆಂಟ್ ಅಕ್ಕ, ಬ್ಯಾಂಕಿನ ಮಾವ, ಹಂದಿಮಾಂಸದ ತಮ್ಮ. ಯಾರಾದರೂ ಬರುವುದನ್ನು ನಿಲ್ಲಿಸಿದರೆ ಮಾರಿಕೊಂಡು ಹೋದರು ಎಂದುಕೊಳ್ಳುತ್ತಾರೆ. ಸತ್ತರೋ ಏನೋ ಎಂದು ವಿಚಾರಿಸುವ ಪದ್ಧತಿಯೇ ಇಲ್ಲ.

ಗಂಡ ತೀರಿಕೊಂಡ ಮೇಲೆ ಪೈಫೆನ್ ಅಲ್ಲಿಗೆ ಬಂದದ್ದು ಅದೇ ಮೊದಲು. ಶೆನ್ ಬಾವ್‌ಗೆನ್ ಬದುಕಿದ್ದಾಗ ವಾರವಾರ ಇಲ್ಲೇ ಬಿದ್ದಿರುತ್ತಿದ್ದ. ಇದ್ದಬದ್ದ ಉಳಿತಾಯವನ್ನೆಲ್ಲ ಯುನ್‌ಲು ಎಂಬ ವಿದ್ಯುತ್ ಕಾರಿನ ಕಂಪನಿಗೆ ಸುರಿದು, ವಸಂತ ಮುಗಿಯುವ ಮೊದಲು ಕಣ್ಣು ಮುಚ್ಚಿದ. ಅವನ ಬೂದಿ ಇನ್ನೂ ಸ್ಮಶಾನದ ಕಟ್ಟಡದ ಗೂಡೊಂದರಲ್ಲಿ ಕಾಯುತ್ತಿತ್ತು. ಮಣ್ಣಿಗಿಡಲು ಜಾಗ ಕೊಳ್ಳಬೇಕು. ಆ ಊರಿನಲ್ಲಿ ಸತ್ತವರ ಅಂಗೈಯಗಲ ಜಾಗಕ್ಕೂ ಬೆಲೆ ಮುಗಿಲು ಮುಟ್ಟಿದೆ. ದುಡ್ಡೆಲ್ಲ ಯುನ್‌ಲುವಿನಲ್ಲಿ ಸಿಕ್ಕಿಕೊಂಡಿತ್ತು. ಚಳಿಗಾಲದ ಅತಿ ಗಿಡ್ಡ ಹಗಲಿನ ದಿನ ಬೂದಿಯನ್ನು ಮಣ್ಣಿಗಿಡುವುದು ವಾಡಿಕೆ, ಆ ದಿನವೂ ಹತ್ತಿರ ಬಂದಿತ್ತು.

"ಮಾರಮ್ಮಾ," ಎಂದು ಮಗಳು ಯೆನ್ ದಿನಾ ಫೋನಿನಲ್ಲಿ ಗೋಳಾಡುತ್ತಿದ್ದಳು. "ಅಪ್ಪನ್ನ ಇನ್ನೆಷ್ಟು ದಿನ ಆ ಡಬ್ಬೀಲಿ ಇಡ್ತೀಯಾ?"

ಷೇರೋ, ಇವತ್ತು ಅಟ್ಟ ಹತ್ತಿದರೆ ನಾಳೆ ಹಳ್ಳಕ್ಕೆ ಬೀಳುತ್ತಿತ್ತು. ಕೊಂಡ ಬೆಲೆಗೆ ಬರುವವರೆಗೆ ಮುಟ್ಟಬೇಡ ಎನ್ನುವುದು ಗಂಡನ ವೇದವಾಕ್ಯ. ಏನು ಮಾಡುವುದೆಂದು ತೋಚದೆ, ನಾಲ್ಕು ಜನರನ್ನು ಕೇಳೋಣವೆಂದು ಪೈಫೆನ್ ಬಂದಿದ್ದಳು.

"ಮಾರಿಬಿಡಿ! ಸೋಮವಾರ ಬಾಗಿಲು ತೆಗೀತಿದ್ದಂಗೇ ಮಾರಿ!" ಬೂದು ಟೋಪಿಯ ಮುದುಕರೊಬ್ಬರು ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಯುನ್‌ಲು ಹತ್ತಿದವರನ್ನ ಇಳಿಯೋಕೆ ಬಿಡಲ್ಲ!"

"ಸುಮ್ನಿರಿ ತಾತ, ವಾರವಾರ ಅದೇ ರಾಗ," ಎಂದು ಸಿಮೆಂಟ್ ಅಕ್ಕ ರೇಗಿದಳು. "ಬುಧವಾರ ಹತ್ತು ಪರ್ಸೆಂಟ್ ಏರ್ತಲ್ಲ, ಆಗೆಲ್ಲಿ ಹೋಗಿದ್ರಿ?"

"ಗುರುವಾರ ಹತ್ತು ಇಳೀತಲ್ಲ, ನೀನೆಲ್ಲಿದ್ದೆ?"

ಎಲ್ಲರೂ ಗೊಳ್ಳೆಂದರು. ಪೈಫೆನ್ ಸಿಮೆಂಟ್ ಅಕ್ಕನ ಪಕ್ಕ ಸರಿದು, "ನನ್ನ ಹತ್ರಾನೂ ಯುನ್‌ಲು ಇದೆ ಕಣಮ್ಮಾ. ಏನ್ ಮಾಡ್ಲಿ?" ಎಂದಳು.

"ನನ್ನೇನ್ ಕೇಳ್ತೀರಾ? ನಮ್ಮ ಯುನ್‌ಲು ಅಣ್ಣನ್ನ ಕೇಳಿ. ಒಂದು ಶನಿವಾರಾನೂ ತಪ್ಪಿಸಿಲ್ಲ ಪುಣ್ಯಾತ್ಮ. ಅಗೋ, ಶುರು ಹಚ್ಕೊಂಡ್ರು."

ಗುಂಪಿನ ನಡುವೆ ಬೆನ್ನು ತೋರಿಸಿ ನಿಂತವನೊಬ್ಬ ಬೆರಳು ಮಡಿಸುತ್ತಿದ್ದ. "ಬ್ಯಾಟರಿ ಅವರದೇ, ಕಾರ್ಖಾನೆ ಅವರದೇ. ಕೊಂಡ ಬೆಲೆಗೆ ಬರದೆ ಎಲ್ಲಿಗೆ ಹೋಗುತ್ತೆ?"

ಪೈಫೆನ್ ಬೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ತೊಟ್ಟಿದ್ದ ನೀಲಿ ಕೋಟಿಗೆ ಗುಂಡಿಯಿರಲಿಲ್ಲ, ದಾರದ ಕಟ್ಟುಗಳಿದ್ದವು. ಹೆಣಕ್ಕೆ ತೊಡಿಸುವ ಕೋಟು ಅದು. ಆ ದಾರಗಳನ್ನು ಒಂದೊಂದಾಗಿ ಕಟ್ಟಿದ್ದು ಅವಳೇ.

ಬಾವ್‌ಗೆನ್ ತಿರುಗಿ ನೋಡಿದ. ಗುಂಪು ಬೇರೆ ಜಗಳಕ್ಕೆ ಹೊರಳಿತು. ಅವನು ಅವಳ ಬಳಿಗೆ ಬಂದು, ತರಕಾರಿ ಅಂಗಡಿಯಲ್ಲಿ ಸಿಕ್ಕವನಂತೆ, "ಬರೋದು ತಡ ಮಾಡ್ಬಿಟ್ಯಲ್ಲೇ," ಎಂದ.

"ರೀ... ನೀವು ಹೇಗ್ರೀ ಇಲ್ಲಿ?"

"ಷೇರು ನಮ್ಮದಾಗಿದ್ದು, ನಾನು ಗೂಡಲ್ಲಿರೋ ತನಕ ಬರಬಹುದು. ಮಣ್ಣಿಗಿಟ್ರೆ ಮುಗೀತು." ಅವನ ದನಿ ತಗ್ಗಿತು. "ಮಾರಬೇಡ್ವೇ. ನನಗೆ ಭಯ ಆಗುತ್ತೆ."

ಪೈಫೆನ್‌ಳ ಹೆದರಿಕೆ ಎತ್ತಲೋ ಹೋಯಿತು. ಎಷ್ಟೋ ತಿಂಗಳಿಂದ ಒಬ್ಬಳೇ ಕೂತು ಉಣ್ಣುತ್ತಿದ್ದವಳಿಗೆ ಜೀವ ಮರಳಿ ಬಂದಂತಾಯಿತು. "ಯಾರು ಮಾರ್ತಾರೆ ಬಿಡಿ! ಇನ್ಮೇಲೆ ಪ್ರತಿ ಶನಿವಾರ ಬರ್ತೀನಿ," ಎಂದು ಮಾತು ಕೊಟ್ಟು, ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ಹಿಂದಿನಿಂದ ಯಾರೋ ಕೂಗಿದರು. ಬೂದು ಟೋಪಿಯ ಮುದುಕರು.

"ತಾಯೀ, ಮಾರಲ್ಲ ಅಂದ್ರಾ ಅವರಿಗೆ?"

"ನಮ್ಮೆಜಮಾನ್ರು ಬೇಡ ಅಂದ್ರು."

"ನಾನೂ ಹಾಗೇ ಅಂದಿದ್ದೆ." ಅವರು ಮರದ ಕೆಳಗೆ ಬೆರಳು ತೋರಿಸಿದರು. ಅಲ್ಲೊಬ್ಬ ಸೊರಗಿದ ಮುದುಕಿ, ಬಿಸಿ ಬನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಯಾರನ್ನೋ ಹುಡುಕುತ್ತ ನಿಂತಿದ್ದಳು. "ನನ್ನ ಹೆಂಡ್ತಿ. ಮೊದಲನೇ ವರ್ಷ ಮಾರಬೇಡ ಅಂದೆ, ಹೂಂ ಅಂದ್ಲು. ಮಗನ ಮಾತೂ ಕೇಳಲಿಲ್ಲ. ಆಮೇಲಾಮೇಲೆ ಗೂಡು ತಣ್ಣಗೆ ಕೊರೆಯೋಕೆ ಶುರುವಾಯ್ತು. ಈಗ ಮಾರು ಮಾರು ಅಂತ ಅರಚ್ತೀನಿ, ಎಲ್ಲರಿಗೂ ಕೇಳ್ಸುತ್ತೆ, ಅವಳೊಬ್ಬಳಿಗೆ ಕೇಳ್ಸಲ್ಲ. ಕಾಣೋದೂ ಇಲ್ಲ. ಆದ್ರೂ ಬರ್ತಾಳೆ, ಆ ಬನ್ ಹಿಡ್ಕೊಂಡು."

ಪೈಫೆನ್ ಅವರ ಕೋಟು ನೋಡಿದಳು. ಅದಕ್ಕೂ ದಾರದ ಕಟ್ಟುಗಳೇ. ಬಹಳ ಹಳೆಯವು, ಒಂದೆರಡು ಕಿತ್ತುಹೋಗಿದ್ದವು. ಆ ಕಡೆ ಮುದುಕಿ ಯಾರನ್ನೋ ಅಡ್ಡಗಟ್ಟಿ, "ನಮ್ಮೆಜಮಾನ್ರು ಹಿಡ್ಕೋ ಅಂದಿದ್ದಾರೆ," ಎಂದು ಹೇಳುತ್ತಿರುವುದು ಕೇಳಿಸಿತು.

ಬಸ್ಸು ಬಂತು, ಹೋಯಿತು. ಪೈಫೆನ್ ಹತ್ತಲಿಲ್ಲ. ಚೀಲದಿಂದ ಫೋನ್ ತೆಗೆದಳು. ಇದ್ದ ಯುನ್‌ಲು ಅಷ್ಟನ್ನೂ ಸೋಮವಾರದ ಪೇಟೆಗೆ ಮಾರಾಟಕ್ಕಿಟ್ಟಳು. ಖಚಿತವೇ ಎಂದು ಫೋನ್ ಕೇಳಿತು. ಹೌದು ಎಂದು ಒತ್ತಿದಳು.

ತಲೆಯೆತ್ತಿದಾಗ ಬಾವ್‌ಗೆನ್ ಎದುರಿಗೇ ನಿಂತಿದ್ದ.

"ಹಾಕ್ಬಿಟ್ಯಾ?"

"ಹೂಂ. ಬೈಬೇಡಿ."

ಅವನು ಅವಳ ಫೋನಿನತ್ತ ಬಗ್ಗಿ ನೋಡಿದ. "ಜಾಗ ಒಬ್ಬರಿಗಾ?" ಎಂದ.

"ಇಬ್ಬರಿಗೆ."

"ಪೆದ್ದಿ," ಎಂದ ಬಾವ್‌ಗೆನ್. "ಒಂದು ದಿನ ತಡೆದಿದ್ರೆ ಆಗ್ತಿತ್ತು. ಮಂಗಳವಾರ ಏರುತ್ತೆ ಕಣೇ. ಈ ಸಲ ಸುಳ್ಳು ಹೇಳ್ತಿಲ್ಲ."

"ಗೊತ್ತು ಬಿಡಿ," ಎಂದಳು ಪೈಫೆನ್. ಅವನ ಕೋಟಿನ ಸಡಿಲವಾಗಿದ್ದ ದಾರವೊಂದನ್ನು ಬಿಗಿಯಾಗಿ ಕಟ್ಟಿದಳು.